ಉಸಿರಿನ ಗೆರೆಗಳು

ನನ್ನ ಸೋದರಮಾವ ಮೂವತ್ತನಾಲ್ಕು ವರ್ಷ ರೇಡಿಯೋದಲ್ಲಿ ಮಾತಾಡಿದವರು. ಬೆಳಿಗ್ಗೆ ಆರೂವರೆಗೆ ಅವರ ದನಿ ಕೇಳಿದ ಮೇಲೆಯೇ ಎಷ್ಟೋ ಮನೆಗಳಲ್ಲಿ ಹಾಲು ಒಲೆಗೇರುತ್ತಿತ್ತಂತೆ. ನಿವೃತ್ತರಾದ ಮೇಲೆ ನಾಲ್ಕು ವರ್ಷ ಸುಮ್ಮನಿದ್ದರು. ಐದನೇ ವರ್ಷ, ಕಣ್ಣಿನ ಆಪರೇಷನ್ ಆಗಿ ಮನೆಯಲ್ಲಿ ಕೂತಿದ್ದಾಗ, ಇದ್ದಕ್ಕಿದ್ದಂತೆ ಎರಡು ಕೆಲಸ ಶುರುಮಾಡುತ್ತೇನೆ ಎಂದರು. ಒಂದು ಪಾಡ್‌ಕಾಸ್ಟ್, ಇನ್ನೊಂದು ಆತ್ಮಕಥೆ.

"ಊರಿಗೆಲ್ಲ ಮಾತಾಡಿ ಮನೆಗೆ ಬಂದ್ರೆ ಬಾಯಿಗೆ ಬೀಗ ಹಾಕ್ಕೊಂಡಿದ್ರು," ಎಂದರು ಅತ್ತೆ. "ಈಗ ಮನೆಯೊಳಗೇ ಸ್ಟೇಷನ್ ಹಾಕ್ತಾರಂತೆ. ನಾನೆಲ್ಲಿಗೆ ಹೋಗ್ಲಿ?"

"ಎಲ್ಲಿಗೂ ಹೋಗ್ಬೇಡ. ಕಿವಿ ಆಫ್ ಮಾಡ್ಕೊ," ಎಂದರು ಮಾವ.

ಅಮ್ಮ ನನ್ನನ್ನು ಆ ಮನೆಗೆ ಕಳಿಸಿದ್ದು ತನ್ನ ಅಣ್ಣನ ಕಣ್ಣಿಗೆ ಔಷಧಿ ಹಾಕಲೆಂದು. ಎರಡು ತಿಂಗಳಿಗೆ ಬಂದವಳು ಒಂದೂವರೆ ವರ್ಷ ಉಳಿದೆ. ಹಿಂದೆ ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅಮ್ಮ ಹಾಸಿಗೆ ಹಿಡಿದಿದ್ದಳು, ನಾನು ಶಾಲೆ ಬಿಟ್ಟೆ. ಅಮ್ಮ ಎದ್ದು ಓಡಾಡುವಂತಾದ ಮೇಲೆ ಮತ್ತೆ ಹೋಗು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ನನ್ನ ಅಕ್ಷರ ದುಂಡಗಿದೆ. ಔಷಧಿಯ ಹೊತ್ತನ್ನು ನಾನು ಬರೆದು ಗೋಡೆಗೆ ಅಂಟಿಸಿದ್ದನ್ನು ಮಾವ ಕನ್ನಡಕವಿಲ್ಲದೆ ಓದಿಬಿಟ್ಟರು. "ಏ ಮರಿ, ಇದನ್ನ ಬರೆದಿದ್ದು ನೀನಾ?" ಎಂದರು. ಅಂದಿನಿಂದ ಅವರು ಹೇಳಿದ್ದನ್ನು ಬರೆಯುವುದು ನನ್ನ ಕೆಲಸವಾಯಿತು.

ಬೆಳಿಗ್ಗೆ ಹಾಲ್‌ನಲ್ಲಿ ಅತ್ತಿಂದಿತ್ತ ಓಡಾಡುತ್ತ ಅವರು ಹಳೆಯದನ್ನು ಹೇಳುವರು. ನಾನು ಊಟದ ಮೇಜಿನ ಮುಂದೆ ಕೂತು ಬರೆದುಕೊಂಡು, ಆಮೇಲೆ ಓದಿ ಹೇಳುವೆ. ಅವರು ತಿದ್ದುವರು. ಹಾಗೆ ತಿದ್ದಿದ್ದು ಪುಸ್ತಕದ ಅಧ್ಯಾಯ. ಅದನ್ನೇ ದಪ್ಪ ಅಕ್ಷರದಲ್ಲಿ ಬೇರೆ ಹಾಳೆಗಳಿಗೆ ಇಳಿಸಿದರೆ ಪಾಡ್‌ಕಾಸ್ಟಿನ ಸ್ಕ್ರಿಪ್ಟ್. ಮೈಕಿನ ಮುಂದೆ ಬಾಯಿಗೆ ಬಂದದ್ದು ಹೇಳುವುದು ಅವರಿಗಾಗದು. "ಬರೀದೆ ಮಾತಾಡೋನು ಬಸ್‌ಸ್ಟ್ಯಾಂಡಲ್ಲಿ ಮಾತಾಡ್ಲಿ," ಎನ್ನುವರು.

ಸ್ಕ್ರಿಪ್ಟಿಗೆ ಅವರದೇ ಕಟ್ಟುಪಾಡುಗಳಿದ್ದವು. ಹಾಳೆಯ ಒಂದೇ ಬದಿಗೆ ಬರೆಯಬೇಕು. ಪಿನ್ ಹೊಡೆಯಬಾರದು. ಒಂದು ವಾಕ್ಯ ಹಾಳೆಯ ತುದಿಯಲ್ಲಿ ಅರ್ಧಕ್ಕೆ ನಿಲ್ಲಬಾರದು. ಓದಿ ಮುಗಿದ ಹಾಳೆಯನ್ನು ಮಗುಚದೆ ಮೆಲ್ಲಗೆ ಪಕ್ಕಕ್ಕೆ ಜಾರಿಸಬೇಕು, ಇಲ್ಲದಿದ್ದರೆ ಸರಬರ ಸದ್ದು ಮೈಕಿಗೆ ಕೇಳುತ್ತದೆ. ರೇಡಿಯೋದಲ್ಲಿ ಅವರ ಜೊತೆಯಲ್ಲಿದ್ದ ಒಬ್ಬರು, 'ಹವಾಮಾನ' ಎಂದೇ ಅವರಿಗೆ ಹೆಸರು, ಹಾಳೆ ಅದಲುಬದಲಾಗಿ ಒಂದೇ ಮಳೆಯ ಮುನ್ಸೂಚನೆಯನ್ನು ಎರಡು ಸಲ ಓದಿದ್ದರಂತೆ. "ಎರಡು ಸಲ ಕರೆದರೂ ಮಳೆ ಬರ್ಲಿಲ್ಲ ನೋಡು," ಎಂದು ಮಾವ ನಗುತ್ತಿದ್ದರು.

ಎಲ್ಲಕ್ಕಿಂತ ಮುಖ್ಯವಾದದ್ದು ಗೆರೆ. ಶಬ್ದಗಳ ನಡುವೆ ಒಂದು ಓರೆ ಗೆರೆ ಇದ್ದರೆ ಚೂರು ಉಸಿರು ತೆಗೆದುಕೊಳ್ಳಬೇಕು. ಎರಡು ಗೆರೆ ಇದ್ದರೆ ಎದೆ ತುಂಬ. "ಕಣ್ಣು ಮಾತಿಗೆ, ಎದೆ ಗೆರೆಗೆ," ಎಂದು ಮೊದಲ ದಿನವೇ ಹೇಳಿಕೊಟ್ಟರು. ಓದುತ್ತ ಓದುತ್ತ ಉಸಿರಿನ ಯೋಚನೆ ಮಾಡಿದರೆ ಮಾತು ಕೆಡುತ್ತದೆ. ಆದ್ದರಿಂದ ಎದೆಯನ್ನು ಗೆರೆಗೆ ಒಪ್ಪಿಸಿಬಿಡಬೇಕು. ಗೆರೆ ಇದ್ದಲ್ಲಿ ಉಸಿರು, ಇಲ್ಲದಲ್ಲಿ ಇಲ್ಲ. ಕೆಲಸದಲ್ಲಿದ್ದಾಗ ತಾವೇ ಹಾಕಿಕೊಳ್ಳುತ್ತಿದ್ದ ಗೆರೆಗಳನ್ನು ಈಗ ನನ್ನ ಕೈಗೆ ಕೊಟ್ಟಿದ್ದರು.

ಅವರ ಉಸಿರು ಎಷ್ಟು ಶಬ್ದ ಹೊರುತ್ತದೆ ಎಂದು ತಿಂಗಳೊಳಗೆ ನನಗೆ ತಿಳಿಯಿತು. ಬೆಳಗಿನ ಹೊತ್ತು ಹದಿಮೂರು. ಊಟವಾದ ಮೇಲೆ ಹತ್ತು. ಮನಸ್ಸಿಗೆ ತಟ್ಟುವ ವಿಷಯವಾದರೆ ಎಂಟೇ. ನಲವತ್ತು ವರ್ಷ ಸಂಸಾರ ಮಾಡಿದ ಅತ್ತೆಗೂ ಈ ಲೆಕ್ಕ ಗೊತ್ತಿಲ್ಲ ಎಂದು ನನಗೆ ಒಳಗೊಳಗೇ ಜಂಬವಿತ್ತು. ಯಾರ ಮುಂದೆಯೂ ಬಾಯಿಬಿಡದ ನಾನು, ಸಾವಿರಾರು ಜನ ಕೇಳಿದ ದನಿಗೆ ಇಲ್ಲಿ ನಿಲ್ಲು, ಇಲ್ಲಿ ಹೋಗು ಎಂದು ಹೇಳುವವಳಾಗಿದ್ದೆ.

ಮಲಗುವ ಕೋಣೆಯಲ್ಲಿ ರೆಕಾರ್ಡಿಂಗ್. ದನಿ ಗೋಡೆಗೆ ಬಡಿದು ಮರಳದಿರಲೆಂದು ಬಟ್ಟೆ ತುಂಬಿದ ಬೀರುವಿನ ಎರಡೂ ಬಾಗಿಲು ತೆರೆದಿಟ್ಟು, ಕಿಟಕಿಗೆ ಕಂಬಳಿ ಹೊದಿಸಿ, ಇಸ್ತ್ರಿ ಮೇಜಿನ ಮೇಲೆ ಮೈಕ್ ಇಡುತ್ತಿದ್ದೆವು. ಫ್ಯಾನ್ ಹಾಕುವಂತಿಲ್ಲ. ಎದುರಿನ ವೆಲ್ಡಿಂಗ್ ಅಂಗಡಿಯವರು ಎರಡರಿಂದ ಮೂರರವರೆಗೆ ಊಟಕ್ಕೆ ಬಿಡುವುದರಿಂದ ಅದೊಂದೇ ಗಂಟೆ ನಮ್ಮದು. ಮಾವ ಬನಿಯನ್‌ನಲ್ಲಿ ಬೆವರುತ್ತ ಕೂತು, ರಾಜಠೀವಿಯಲ್ಲಿ "ಕೇಳುಗರಿಗೆ ನಮಸ್ಕಾರ" ಎನ್ನುವರು. ಮೊದಲ ಕಂತಿನ ಕೊನೆಗೆ, ಹಳೇ ರೂಢಿಯಲ್ಲಿ, "ಈಗ ಸಮಯ ಎರಡು ಗಂಟೆ ನಲವತ್ತೊಂದು ನಿಮಿಷ" ಎಂದೂ ಸೇರಿಸಿಬಿಟ್ಟರು. ಸಂಜೆ ಏಳಕ್ಕೆ ಅದನ್ನು ಕೇಳಿದ ಅತ್ತೆ, "ನಿಮ್ಮ ಗಡಿಯಾರಕ್ಕೂ ಪೊರೆ ಬಂತೇನ್ರೀ?" ಎಂದರು.

ನಾಲ್ಕು ಕಂತು ಹಾಗೆ ಹೋಯಿತು. ಆಮೇಲೆ ಗಿಣಿ ಬಂದಳು.

ಗಿಣಿ ಅತ್ತೆಯ ಅಣ್ಣನ ಮಗಳು. ಹುಟ್ಟಿದಾಗಿನಿಂದ ಮಾತಾಡುತ್ತಲೇ ಇರುವಳೆಂದು ಅತ್ತೆಯೇ ಇಟ್ಟ ಹೆಸರು. ಡಿಗ್ರಿ ಮುಗಿಸಿದ್ದಳು, ಧ್ವನಿ ಜೋಡಿಸುವುದನ್ನೂ ಕತ್ತರಿಸುವುದನ್ನೂ ಕಲಿತಿದ್ದಳು. ಕೆಲಸ ಸಿಗುವವರೆಗೆ ಇಲ್ಲಿರಲಿ, ಅವರಿಗೂ ಸಹಾಯವಾಗುತ್ತದೆ ಎಂದು ಅತ್ತೆಯೇ ಕರೆಸಿದ್ದು. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ "ಮಾವಾ!" ಎಂದು ಕೂಗಿದಳು.

ನನಗೆ ಅಮ್ಮನ ಅಣ್ಣ, ಆದ್ದರಿಂದ ಮಾವ. ಅವಳಿಗೆ ಸೋದರತ್ತೆಯ ಗಂಡ, ಆದ್ದರಿಂದ ಮಾವ. ನ್ಯಾಯವಾಗಿ ಇಬ್ಬರದೂ ಸರಿಯೇ. ಆದರೂ ಅಲ್ಲಿಯವರೆಗೆ ಆ ಮನೆಯಲ್ಲಿ ಆ ಶಬ್ದ ನನ್ನೊಬ್ಬಳದಾಗಿತ್ತು. ನಾನು ಮೆಲ್ಲಗೆ ಕರೆಯುತ್ತಿದ್ದೆ, ಅವರು ಹತ್ತಿರ ಬಂದರೆ ಮಾತ್ರ ಕೇಳುತ್ತಿತ್ತು. ಅವಳದು ಮೂರನೇ ಮಹಡಿಯಿಂದ ಬೀದಿಗೆ ಕೇಳುವಂಥ ಮಾವ.

"ಮೊದಲನೇ ಕಂತನ್ನ ಎಷ್ಟು ಸಲ ಕೇಳಿದ್ದಾರೆ ಗೊತ್ತಾ ಮಾವ? ನಲವತ್ತೊಂದು," ಎಂದಳು ಫೋನ್ ನೋಡುತ್ತ. "ಅದ್ರಲ್ಲಿ ಹನ್ನೆರಡು ಸಲ ನೀವೇ ಕೇಳಿರೋದು."

ಮಾವನಿಗೆ ಸಿಟ್ಟು ಬರುತ್ತದೆಂದು ನಾನು ಉಸಿರು ಹಿಡಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಳ್ಳಿ! ಅದೂ ಗೊತ್ತಾಗತ್ತಾ ಅದ್ರಲ್ಲಿ?"

ಅಲ್ಲಿಯವರೆಗೆ ನಾನು ಅವರನ್ನು ಒಮ್ಮೆಯೂ ಹಾಗೆ ನಗಿಸಿರಲಿಲ್ಲ.

ಗಿಣಿ ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಬಂದ ದಿನವೇ ನನ್ನ ಜೊತೆ ಪಾತ್ರೆ ತೊಳೆದಳು. "ಅಕ್ಕ, ನಿನ್ನ ಜಡೆ ನಾನು ಹಾಕ್ಲಾ?" ಎಂದು ಕೇಳಿದಳು. ಅವಳು ಸಮಯ ಹೇಳುವ ಸಾಲನ್ನು ಕತ್ತರಿಸಿದಳು, ಮಾವ ಕೆಮ್ಮಿದ್ದನ್ನು ಅಳಿಸಿದಳು, ಶುರುವಿಗೆ ಒಂದು ಪುಟ್ಟ ಸಂಗೀತ ಸೇರಿಸಿದಳು. ಎರಡು ವಾರದಲ್ಲಿ ಕೇಳುವವರು ಒಂಬೈನೂರಾದರು. ಮಾವನ ಬೆನ್ನು ನೆಟ್ಟಗಾಯಿತು. "ಏ ಮರಿ, ಇವತ್ತಿಗೆಷ್ಟಾಯ್ತು?" ಎಂದು ಕೋಣೆಯಿಂದ ಕೂಗುವರು. ನಾನು ಕೈ ಒರೆಸಿಕೊಂಡು ಏಳುವಷ್ಟರಲ್ಲಿ ಅವಳು ಉತ್ತರ ಕೊಟ್ಟಿರುತ್ತಿದ್ದಳು. ಮರಿ ಎಂದರೆ ಈಗ ಯಾರು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಪಾಡ್‌ಕಾಸ್ಟ್ ಹೋದರೆ ಹೋಗಲಿ, ಪುಸ್ತಕ ನನ್ನದು ಎಂದು ಸಮಾಧಾನ ಮಾಡಿಕೊಂಡೆ. ಒಂದು ಬೆಳಿಗ್ಗೆ ಗಿಣಿ ತನ್ನ ಫೋನನ್ನು ಊಟದ ಮೇಜಿನ ಮೇಲೆ, ನನ್ನ ನೋಟ್‌ಬುಕ್ಕಿನ ಪಕ್ಕದಲ್ಲೇ ಇಟ್ಟಳು. "ಮಾವ, ನೀವು ಸುಮ್ನೆ ಹೇಳ್ತಾ ಹೋಗಿ. ಇದು ತಾನೇ ಬರ್ಕೊಳ್ಳತ್ತೆ. ಪಾಪ, ಅಕ್ಕನ ಕೈ ನೋಯೋದು ತಪ್ಪತ್ತೆ."

ನನ್ನ ಕೈ ನೋಯುತ್ತದೆಂದು ನಾನು ಯಾರಿಗೂ ಹೇಳಿರಲಿಲ್ಲ.

ಫೋನು ಬರೆಯಿತು. ಅಲ್ಲಲ್ಲಿ ತಪ್ಪು ಬರೆಯಿತು, ಗಿಣಿ ಸರಿಮಾಡಿದಳು. ಮೊದಲ ದಿನ ನಾನೂ ಜೊತೆಗೆ ಬರೆದೆ. ಎರಡನೇ ದಿನವೂ ಬರೆದೆ. ಮೂರನೇ ದಿನ ಮಾವ ಓಡಾಡುತ್ತ ಹೇಳುವಾಗ, ಸಾಲಿನ ಕೊನೆಗೆ ನನ್ನ ಕಡೆ ತಿರುಗಿ 'ಆಯ್ತಾ?' ಎಂದು ನೋಡುವುದನ್ನು ಬಿಟ್ಟು ಫೋನಿನ ಕಡೆ ತಿರುಗಿದರು.

ಆ ದಿನ ಅವರು ಹೇಳಿದ್ದು ನಲವತ್ತು ನಿಮಿಷದ ಕಥೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಟ್ರಾನ್ಸ್‌ಮಿಟರ್ ಕೆಟ್ಟು ಪ್ರಸಾರ ನಿಂತುಹೋಗಿದ್ದು ಗೊತ್ತಿಲ್ಲದೆ, ಅವರು ಸ್ಟೂಡಿಯೋದಲ್ಲಿ ಒಬ್ಬರೇ ನಲವತ್ತು ನಿಮಿಷ ಮಾತಾಡಿದ್ದರು. ಇದನ್ನು ನನಗೆ ಮೊದಲೇ ಹೇಳಿದ್ದರು. ಔಷಧಿ ಹಾಕಿದ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿಕೊಂಡಿರಬೇಕಿತ್ತಲ್ಲ, ಆಗ. "ನಿಮ್ಮತ್ತೆಗೂ ಹೇಳಿಲ್ಲ ಕಣೆ, ನಾಚಿಕೆ," ಎಂದಿದ್ದರು. ಈಗ ಅದನ್ನೇ ಕೈ ಬೀಸಿ ಬೀಸಿ ಹೇಳಿದರು. ಬಾಗಿಲು ತೆಗೆದು ಹೊರಬಂದಾಗ ಕಾವಲುಗಾರ "ಸಾರ್, ನೀವಿನ್ನೂ ಇದ್ದೀರಾ?" ಎಂದನಂತೆ. ಅದು ನನಗೆ ಹೇಳಿದ್ದರಲ್ಲಿ ಇರಲಿಲ್ಲ. ಗಿಣಿ ಕುರ್ಚಿಯಿಂದ ಬೀಳುವಂತೆ ನಕ್ಕಳು, ಅವಳ ನಗುವಿಗೆ ಕಥೆ ಇನ್ನೂ ಉದ್ದವಾಯಿತು. ನಾನು ಅಂದು ನಕ್ಕಿರಲಿಲ್ಲ. ಕೇಳಿಸಿಕೊಂಡಿದ್ದೆ, ಅಷ್ಟೆ. ನಕ್ಕಿದ್ದರೆ ಆ ಕಾವಲುಗಾರ ನನಗೂ ಸಿಗುತ್ತಿದ್ದನೇನೋ.

ಮಧ್ಯಾಹ್ನ ಗಿಣಿ ಆ ಅಧ್ಯಾಯವನ್ನು ಟ್ಯಾಬಿನಲ್ಲಿ ಹಾಕಿ ತಂದಳು. ಹಾಳೆ ಬೇಡ, ಸದ್ದಿಲ್ಲ, ಬೆರಳಿಂದ ತಳ್ಳಿದರೆ ಮುಂದಿನ ಪುಟ. "ಅಕ್ಕ, ಈ ಗೆರೆಗಳನ್ನ ಮಾತ್ರ ನೀನೇ ಹಾಕಿಬಿಡು. ನಂಗೆ ಇದರ ತಲೆಬುಡ ಗೊತ್ತಾಗಲ್ಲ."

ಅಡುಗೆಮನೆಯ ಕಟ್ಟೆಯ ಮೇಲೆ ಟ್ಯಾಬ್ ಇಟ್ಟುಕೊಂಡು ಬೆರಳಿನಿಂದ ಗೆರೆ ಎಳೆಯತೊಡಗಿದೆ. ಮೊದಲ ಎರಡು ಪುಟ ಸರಿಯಾಗಿಯೇ ಹಾಕಿದೆ. ಮೂರನೇ ಪುಟ ಆ ಕಾವಲುಗಾರನ ಪುಟ. ಉದ್ದುದ್ದ ವಾಕ್ಯಗಳು, ಒಂದೊಂದರಲ್ಲೂ ಇಪ್ಪತ್ತು ಇಪ್ಪತ್ತೈದು ಶಬ್ದ. ಆ ಪುಟದಲ್ಲಿ ಒಂದು ಗೆರೆಯನ್ನೂ ಹಾಕಲಿಲ್ಲ. ಮರೆತೆನೆಂದರೆ ಸುಳ್ಳು. ಮಾವ ಎರಡು ಕಡೆ ತಡವರಿಸಲಿ, 'ಈ ಹಲಗೆ ನನಗೆ ಆಗಿಬರಲ್ಲ, ಹಾಳೆ ತಗೊಂಡ್ಬಾ ಮರಿ' ಎನ್ನಲಿ. ನನಗೆ ಬೇಕಾಗಿದ್ದದ್ದು ಅಷ್ಟೇ.

ಎರಡೂಕಾಲಿಗೆ ರೆಕಾರ್ಡಿಂಗ್ ಶುರುವಾಯಿತು. ಮೂರನೇ ಪುಟಕ್ಕೆ ಬಂದಾಗ ಮಾವನ ದನಿ ಎಂದಿನಂತೆ ಮೇಲೇರಿತು, ಗೆರೆಗಾಗಿ ಕಾಯುತ್ತ ಹೋಯಿತು, ವಾಕ್ಯ ಮುಗಿಯುವ ಮೊದಲೇ ಎಣ್ಣೆ ತೀರಿದ ಬತ್ತಿಯಂತೆ ಸಣ್ಣಗಾಯಿತು. ಗಂಟಲು ಸರಿಮಾಡಿಕೊಂಡು ಮತ್ತೆ ಓದಿದರು. ಮತ್ತೆ ಅದೇ. ಮೂರನೇ ಸಲ ಎದೆಯ ಮೇಲೆ ಕೈಯಿಟ್ಟುಕೊಂಡು ಮಂಚದ ಮೇಲೆ ಕೂತುಬಿಟ್ಟರು. ಮುಖ ಬಿಳಿಚಿಕೊಂಡಿತ್ತು.

"ಉಸಿರು ಹಿಡೀತಾ ಇಲ್ಲ ಕಣೇ," ಎಂದರು. ಯಾರಿಗೆಂದು ಗೊತ್ತಾಗಲಿಲ್ಲ.

ಟ್ಯಾಬಿನ ಬಗ್ಗೆ ಒಂದು ಮಾತೂ ಇಲ್ಲ. ಗೆರೆಯ ಬಗ್ಗೆಯೂ ಇಲ್ಲ. ಗೆರೆಯನ್ನು ಅನುಮಾನಿಸುವುದು ಅವರಿಗೆ ಗೊತ್ತೇ ಇರಲಿಲ್ಲ. ತಮ್ಮ ಎದೆಯನ್ನು ಅನುಮಾನಿಸಿದರು.

ಅತ್ತೆ ಮರುದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಊದಿಸಿ ನೋಡಿದರು, ಎದೆಯ ಫೋಟೋ ತೆಗೆದರು, ವಯಸ್ಸಿಗೆ ತಕ್ಕಂತೆ ಎಲ್ಲ ಚೆನ್ನಾಗಿದೆ ಎಂದರು. ಅದರಿಂದ ಮಾವ ಇನ್ನೂ ಕುಗ್ಗಿದರು.

"ಚೆನ್ನಾಗಿದೆ ಅಂದ್ರಲ್ಲ, ಇನ್ಯಾಕ್ರೀ ಮುಖ ಜೋಲು ಹಾಕ್ಕೊಂಡಿದ್ದೀರಿ?"

"ರೋಗ ಅಂದಿದ್ರೆ ಔಷಧಿ ಇರ್ತಿತ್ತು. ಇದು ವಯಸ್ಸು," ಎಂದರು. "ಪಾಡ್‌ಕಾಸ್ಟೂ ಬೇಡ, ಪುಸ್ತಕವೂ ಬೇಡ. ಏದುಸಿರು ಬಿಡೋನ ಕಥೆ ಯಾರಿಗೆ ಬೇಕು?"

ಬೆಳಿಗ್ಗೆ ಓಡಾಡುವುದು ನಿಂತಿತು. ಮೈಕಿಗೆ ಅತ್ತೆ ಟವೆಲ್ ಹೊದಿಸಿದರು. ಮಾವ ಬಾಲ್ಕನಿಯಲ್ಲಿ ಕೂತು ಪೇಪರಿನ ಒಂದು ಸಾಲನ್ನು ಜೋರಾಗಿ ಓದುವರು, ನಡುವೆ ನಿಲ್ಲುವರು, ತಲೆಯಾಡಿಸುವರು. ಹೆದರಿದವನ ಉಸಿರು ಮೊದಲೇ ಚಿಕ್ಕದು. ನಾನು ಬಾಗಿಲ ಸಂದಿಯಿಂದ ನೋಡುವೆ. ಹೋಗಿ ಹೇಳಬೇಕು ಎಂದು ಎರಡು ಹೆಜ್ಜೆ ಇಡುವೆ. ಅಷ್ಟರಲ್ಲಿ ಗಿಣಿ ಅವರ ಕಾಲಬಳಿ ಕೂತು ಏನೋ ಹೇಳಿ ನಗಿಸಲು ನೋಡುತ್ತಿರುತ್ತಾಳೆ. ಅದನ್ನು ನೋಡಿ ವಾಪಸು ಬರುವೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಪಾಡು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹಾಗೆ ಒಂದು ವಾರ ಕಳೆಯಿತು.

ಎಂಟನೇ ದಿನ ಸಂಜೆ ನಾನು ಬಟ್ಟೆ ಮಡಿಸುತ್ತಿದ್ದಾಗ ಗಿಣಿ ಓಡಿಬಂದಳು. ಒಂದು ಕೈಯಲ್ಲಿ ಟ್ಯಾಬ್, ಇನ್ನೊಂದರಲ್ಲಿ ನನ್ನ ಹಳೇ ಸ್ಕ್ರಿಪ್ಟ್‌ಗಳು.

"ಅಕ್ಕ, ಇಲ್ನೋಡು. ನಿನ್ನ ಹಾಳೆಗಳಲ್ಲಿ ಹತ್ತು ಶಬ್ದಕ್ಕೊಂದು ಗೆರೆ ಇದೆ. ಈ ಪುಟದಲ್ಲಿ ಒಂದೂ ಇಲ್ಲ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನನ್ನೆರಡೂ ಕೈಯಲ್ಲಿ ಮಾವನ ಅಂಗಿ ಇದ್ದದ್ದರಿಂದ ಬಚಾವಾದೆ.

"ನಾನೇ ಅಕ್ಷರ ದೊಡ್ಡದು ಮಾಡೋವಾಗ ಅಳಿಸಿಬಿಟ್ಟಿದ್ದೀನಿ ಅನ್ಸತ್ತೆ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. "ಮಾವನಿಗೆ ಏನೂ ಆಗಿಲ್ಲ ಅಕ್ಕ. ಎಲ್ಲ ನನ್ನಿಂದ."

ನಾನು ಅಂಗಿ ಮಡಿಸುತ್ತಲೇ ಇದ್ದೆ. ಅವಳು ನನ್ನ ಮೌನಕ್ಕೆ ಒಗ್ಗಿಹೋಗಿದ್ದಳು, ಅದರಲ್ಲಿ ಏನನ್ನೂ ಹುಡುಕಲಿಲ್ಲ. ಸೀದಾ ಬಾಲ್ಕನಿಗೆ ಹೋದಳು. ನಾನು ಅಂಗಿ ಹಿಡಿದುಕೊಂಡೇ ಹಿಂದೆ ಹೋಗಿ ಬಾಗಿಲ ಪಕ್ಕ ನಿಂತೆ. ನನಗೆ ಬೇಕಾಗಿದ್ದೂ ಇದೇ ಅಲ್ಲವೇ? ತಪ್ಪು ಅವಳ ತಲೆಯ ಮೇಲೆ, ಅದೂ ಅವಳೇ ಎತ್ತಿ ಇಟ್ಟುಕೊಂಡದ್ದು. ಈಗ ಮಾವ ಬೈಯುತ್ತಾರೆ, ಟ್ಯಾಬ್ ಎತ್ತಿಡು ಎನ್ನುತ್ತಾರೆ.

ಮಾವ ಟ್ಯಾಬನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಆ ಪುಟವನ್ನು ನೋಡಿದರು. ಹಳೇ ಹಾಳೆಯನ್ನು ನೋಡಿದರು. ಮತ್ತೆ ಪುಟವನ್ನು ನೋಡಿದರು. ಆಮೇಲೆ ಎದೆ ತುಂಬ ಉಸಿರೆಳೆದು, ಆ ವಾರದಲ್ಲಿ ಮೊದಲ ಸಲ, ಗಹಗಹಿಸಿ ನಕ್ಕರು.

"ಅಯ್ಯೋ ಮಂಗ! ಒಂದು ವಾರ ನನ್ನನ್ನ ಮುದುಕನ್ನ ಮಾಡಿಟ್ಟಿದ್ಯಲ್ಲೇ! ಏ, ಇಲ್ಲಿ ಬಾರೆ, ನಿನ್ನ ಮರಿ ಏನು ಮಾಡಿದ್ದಾಳೆ ನೋಡು!"

ಅತ್ತೆ ಬಂದರು. ವಿಷಯ ಕೇಳಿ ಗಿಣಿಯ ತಲೆಗೊಂದು ಮೊಟಕಿ, ಅದೇ ಕೈಯಿಂದ ಸವರಿದರು. "ಆದ್ರೂ ಒಪ್ಕೊಂಡ್ಲಲ್ಲ. ತಪ್ಪು ಒಪ್ಕೊಳ್ಳೋಕೂ ಗುಂಡಿಗೆ ಬೇಕು."

"ಗುಂಡಿಗೆಯಲ್ಲ, ಚಿನ್ನ!" ಎಂದು ಮಾವ ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಹೋದ ಪ್ರಾಣ ತಂದುಕೊಟ್ಟೆ ಕಣೆ."

ನನಗೆ ಪಶ್ಚಾತ್ತಾಪವಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದದ್ದು ಬೇರೆ. ಆ ತಪ್ಪು ನನ್ನದು. ಬೆರಳು ನನ್ನದು, ಹತ್ತು ಶಬ್ದದ ಲೆಕ್ಕ ನನ್ನದು, ಆ ಮನೆಯಲ್ಲಿ ಆ ತಪ್ಪನ್ನು ಮಾಡಬಲ್ಲವಳು ನಾನೊಬ್ಬಳೇ. ಅದನ್ನೂ ಅವಳು ತೆಗೆದುಕೊಂಡಳು. ತೆಗೆದುಕೊಂಡು, ಅದಕ್ಕೂ ಮುದ್ದು ಮಾಡಿಸಿಕೊಳ್ಳುತ್ತಿದ್ದಾಳೆ.

"ಅವಳು ಅಳಿಸಿದ್ದಲ್ಲ," ಎಂದೆ.

ಮೂವರೂ ತಿರುಗಿದರು. ನಾನು ಅಷ್ಟು ಜೋರಾಗಿ ಮಾತಾಡಿದ್ದನ್ನು ಅವರು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ನಾನೇ ಹಾಕ್ಲಿಲ್ಲ. ಬೇಕೂಂತ."

ಮಾವನ ಕೈ ಗಿಣಿಯ ಕೈಯನ್ನು ಬಿಟ್ಟಿತು. ಅಷ್ಟರ ಮಟ್ಟಿಗೆ ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಅವರ ಮುಖ ನೋಡಿದೆ.

"ಯಾಕೆ?" ಎಂದರು.

ಅತ್ತೆ ಹೇಳಿದರು, "ಯಾಕೆ ಅಂತ ಬೇರೆ ಕೇಳ್ತೀರಲ್ಲ. ಹೊಟ್ಟೆಕಿಚ್ಚು. ಗಿಣಿ ಬಂದಾಗಿಂದ ನೋಡ್ತಾ ಇದ್ದೀನಿ, ಇವಳು ಪಾತ್ರೆ ಕುಕ್ಕೋದೇನು, ಬಾಗಿಲು ಹಾಕೋದೇನು. ನಿಮಗೆಲ್ಲಿ ಕಾಣತ್ತೆ, ನಿಮಗೆ ನಿಮ್ಮ ದನಿಯೊಂದೇ ಕೇಳೋದು."

"ಒಂದು ವಾರ," ಎಂದರು ಮಾವ ನನಗೆ. ದನಿ ಏರಿರಲಿಲ್ಲ. "ನಾನು ಇಲ್ಲಿ ಕೂತು ಪೇಪರ್ ಓದೋದನ್ನ ನೀನು ನೋಡ್ತಿದ್ದೆ. ಬಾಗಿಲ ಸಂದಿಯಲ್ಲಿ ನಿನ್ನ ಕಾಲು ಕಾಣ್ತಿತ್ತು. ಪಾಪ, ನನಗಾಗಿ ಸಂಕಟ ಪಡ್ತಿದಾಳೆ ಅಂದ್ಕೊಂಡೆ."

"ಪಡ್ತಿದ್ದೆ ಮಾವ."

"ಇರ್ಬಹುದು," ಎಂದರು. ಎದ್ದು ಒಳಗೆ ಹೋದರು.

ರಾತ್ರಿ ಊಟಕ್ಕೆ ಬಡಿಸಿದೆ. ಗಿಣಿಯೂ ಸುಮ್ಮನಿದ್ದಳು, ಅದೇ ದೊಡ್ಡ ಸದ್ದಿನಂತಿತ್ತು. ಬೆಳಿಗ್ಗೆ ನಾನು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾಗ ಹಾಲ್‌ನಿಂದ ಕರೆ ಬಂತು. "ಎಲ್ಲಿ, ಬರೆಯೋರು ಯಾರೂ ಇಲ್ವಾ?"

ನೋಟ್‌ಬುಕ್ ಹಿಡಿದು ಹೋದೆ. ಮಾವ ಆಗಲೇ ಓಡಾಡುತ್ತಿದ್ದರು. ಗಿಣಿ ಮೇಜಿನ ಆ ತುದಿಯಲ್ಲಿ ಟ್ಯಾಬ್ ಇಟ್ಟುಕೊಂಡು ಕೂತಿದ್ದಳು.

"ಫೋನು ಬರೆದಿದ್ದನ್ನ ತಿದ್ದೋಕೆ ಎರಡು ಪಟ್ಟು ಹೊತ್ತು ಹಿಡಿಯತ್ತೆ. ನೀನೇ ಬರಿ," ಎಂದರು ನನ್ನ ಮುಖ ನೋಡದೆ. "ಗೆರೆ ಮಾತ್ರ ಇನ್ಮೇಲೆ ಅವಳು ಹಾಕ್ತಾಳೆ. ನಿಂಗೆ ಬೇಡ."

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ತಲೆಯಾಡಿಸಿದೆ.

ಅವರು ಹೇಳತೊಡಗಿದರು. ಇದುವರೆಗಿನ ಯಾವ ಅಧ್ಯಾಯಕ್ಕೂ ಸೇರದ ಮಾತು. ಕೆಲಸದಲ್ಲಿದ್ದಷ್ಟು ಕಾಲವೂ ತಮ್ಮ ಉಸಿರು ತಮ್ಮದೇ ಎಂದುಕೊಂಡಿದ್ದರಂತೆ. ಅರವತ್ತೇಳನೇ ವಯಸ್ಸಿನಲ್ಲಿ ಒಂದು ಪುಟಕ್ಕೆ ಹೆದರಿ ಎಂಟು ದಿನ ಮುದುಕರಾದರಂತೆ. "ಆ ಪುಟಕ್ಕೆ ಗೆರೆ ಹಾಕುವುದನ್ನು ಮನೆಯವರೊಬ್ಬರು ಮರೆತಿದ್ದರು," ಎಂದು ನಿಲ್ಲಿಸಿದರು. ರೂಢಿಯಂತೆ ನನ್ನ ಕಡೆ ತಿರುಗಿದರು. "ಆಯ್ತಾ?"

ನನ್ನ ಪೆನ್ನು 'ಮನೆಯವರೊಬ್ಬರು' ಎಂಬಲ್ಲಿ ನಿಂತಿತ್ತು. "ಮರೀಲಿಲ್ವಲ್ಲ ಮಾವ," ಎಂದೆ.

"ಪುಸ್ತಕ ನಂದು. ಮರೆತಿದ್ದರು ಅಂತಲೇ ಬರಿ. ನಿನ್ನ ಪುಸ್ತಕ ಬರೆಯೋವಾಗ ಬೇಕಾದ್ದು ಬರ್ಕೊ."

ಮರೆತಿದ್ದರು ಎಂದು ಬರೆದೆ.

ಅವರು ನೀರು ಕುಡಿಯಲು ಒಳಗೆ ಹೋದರು. ಗಿಣಿ ಟ್ಯಾಬಿನ ಮೇಲೆ ತಲೆ ಬಗ್ಗಿಸಿ, ನಾಲಗೆ ಕಚ್ಚಿಕೊಂಡು, ಆ ಕಾವಲುಗಾರನ ಪುಟಕ್ಕೆ ಶಬ್ದ ಎಣಿಸಿ ಗೆರೆ ಎಳೆಯುತ್ತಿದ್ದಳು. ಇಲ್ಲಿಂದಲೇ ಕಾಣುತ್ತಿತ್ತು. ಮೂರನೇ ಸಾಲಿನಲ್ಲಿ ತಪ್ಪಿದ್ದಳು. ಹತ್ತು ಶಬ್ದ ಎಣಿಸಿದ್ದೇನೋ ಸರಿಯೇ, ಆದರೆ ಅದು ಪ್ರಸಾರ ನಿಂತದ್ದು ತಿಳಿದ ಕ್ಷಣದ ಸಾಲು. ಅಲ್ಲಿ ಅವರಿಗೆ ಎಂಟಕ್ಕೇ ಉಸಿರು ಬೇಕು. ಸುಮ್ಮನೆ ನೋಡಿದೆ. ಅವಳು ಆ ಪುಟ ಮುಗಿಸಿದಳು. ಮುಂದಿನ ಪುಟಕ್ಕೆ ಹೋಗಲು ಬೆರಳೆತ್ತಿದಳು.

"ಅದು ಅಲ್ಲಲ್ಲ ಕಣೆ," ಎಂದೆ. "ಎರಡು ಶಬ್ದ ಹಿಂದೆ ಹಾಕು."